ಸದ್ದಿಲ್ಲದ ಆನೆಯೂ ನಮ್ಮ ಚಿಕ್ಕಪ್ಪನ ವಿಮರ್ಶೆಯೂ

ನಮ್ಮ ಚಿಕ್ಕಪ್ಪನ ಕೈಗೆ ತಮ್ಮ ಮೊದಲ ಪುಸ್ತಕ ಕೊಟ್ಟವರು ಹಲವರಿದ್ದಾರೆ. ಎರಡನೆಯದನ್ನು ಕೊಟ್ಟವರು ಒಬ್ಬರೂ ಇಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುವ ಈ ಮನುಷ್ಯ ಬಿಡುವಿನಲ್ಲಿ ಕಾಮಿಕ್ಸ್ ವಿಮರ್ಶೆ ಬರೆಯುತ್ತಾರೆ. ಕಾಮಿಕ್ಸ್ ಮಾಡುವವರೇ ಅಪರೂಪವಾದ ಸೀಮೆಯಲ್ಲಿ ಅದಕ್ಕೊಬ್ಬ ವಿಮರ್ಶಕ! ಕೆರೆಯೇ ಇಲ್ಲದ ಊರಿಗೆ ನೀರಗಂಟಿಯನ್ನು ನೇಮಿಸಿದ ಹಾಗೆ.

ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಯೋಗಕ್ಷೇಮ ತಿಳಿಯುವ ಕಸುಬು ಅವರದು. ಪುಸ್ತಕವನ್ನೂ ಹೆಚ್ಚುಕಡಿಮೆ ಹಾಗೆಯೇ ನೋಡುತ್ತಾರೆ. ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿದರೆ ಎಳೆ ಸಿಕ್ಕಾಗುತ್ತದಲ್ಲ, ಒಂದೇ ಪುಸ್ತಕದಲ್ಲಿ ಎರಡು ಕಥೆ ಸಿಕ್ಕಾದರೂ ಅವರ ತೀರ್ಪು ಅದೇ: "ಜೋಡಿಗೂಡು, ತಕಬೇಡಿ."

ಒಮ್ಮೆ ಯಳಂದೂರಿನವರೊಬ್ಬರು ತಮ್ಮ ಚಿತ್ರಕಥೆಯ ಜೊತೆಗೆ ಒಂದು ಚಿಪ್ಪು ಬಾಳೆಹಣ್ಣನ್ನೂ ತಂದುಕೊಟ್ಟರು. ಚಿಕ್ಕಪ್ಪ ಹಣ್ಣು ತಿಂದು ಬರೆದರು: "ಈ ಕಥೆಯಲ್ಲಿ ನಾಯಕನಿಗಿಂತ ಅವನ ಗಾಯವೇ ಹೆಚ್ಚು ಓಡಾಡುತ್ತದೆ. ಬಲಗಾಲಿನಲ್ಲಿದ್ದದ್ದು ಮುಂದಿನ ಪುಟಕ್ಕೆ ಎಡಗಾಲಿಗೆ ಬಂದಿದೆ." ಫೋನ್ ಬಂತು.

"ಅಣ್ಣ್ ತಿಂದ್ಬುಟ್ಟು ಇಂಗಾ ಸಾ ಬರೆಯದು?"

"ಟೀ ಕೊಡ್ಸುದ್ರೆ ಕೊಳ್ತ ಗೂಡಲ್ಲಿ ನೂಲು ಬತ್ತದಾ? ಅಣ್ಣು ಚೆನ್ನಾಗಿತ್ತು. ಬೇಕಾದ್ರೆ ಅದ್ನೂ ಬರೀತೀನಿ."

ನಮ್ಮ ಮನೆಯವರು ಅವರಿಗೆ ಕೊಡುವ ಬೆಂಬಲದ ಬಗೆಯೇ ಬೇರೆ. ವಾಟ್ಸಾಪ್ ಗುಂಪಿಗೆ ವಿಮರ್ಶೆ ಬಿದ್ದರೆ, ಮೊದಲ ಸಾಲು ಓದಲೂ ಸಾಲದ ಹೊತ್ತಿನಲ್ಲಿ ಹೆಬ್ಬೆರಳುಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಒಮ್ಮೆ ಅವರು ಕಥೆಯಲ್ಲಿದ್ದ ದೆವ್ವದ ಚಿತ್ರವನ್ನೂ ಹಾಕಿದ್ದರು. ನಮ್ಮ ಅತ್ತೆ ಅದರ ಕೆಳಗೆ, "ಚೆನ್ನಾಗದೆ ಕಣಪ್ಪ, ತೀರಾ ಇಳ್ದೋಗಿದ್ದಿ, ಸರ್ಯಾಗ್ ಉಣ್ಣು" ಎಂದು ಬರೆದರು.

ಚಿಕ್ಕಪ್ಪ ನೊಂದುಕೊಂಡದ್ದು ಅವತ್ತೇ. "ಗೂಡು ನೋಡೋರೇ ಇಲ್ದಿದ್ರೆ ಬೆಳೆಯೋನ್ಗೆ ತನ್ ಗೂಡು ಯಂಗದೆ ಅಂತ ಯಾರ್ಲಾ ಏಳೋರು?" ಎಂದರು. ನಿಜ. ವಿಮರ್ಶಕರಿಗೆ ಬಾಳೆಹಣ್ಣೂ ಬೇಡ, ಹೆಬ್ಬೆರಳೂ ಬೇಡ. ಬರೆದದ್ದನ್ನು ಪೂರ್ತಿ ಓದಬೇಕು, ಪುಸ್ತಕ ಕೊಂಡು ತಾವೂ ನೋಡಬೇಕು, ಒಪ್ಪದಿದ್ದರೆ ಜಗಳಕ್ಕೆ ಬರಬೇಕು. ಆದರೆ ಇಷ್ಟು ಕಷ್ಟ ಪಡುವವರು ಯಾರು?

ಹೋದ ತಿಂಗಳು ರಾಮಾಪುರದ ಶಾಲಾ ಮೇಡಂ ಒಬ್ಬರ ಕಾಮಿಕ್ಸ್ ಬಂತು. ರಾಗಿ ಹೊಲಕ್ಕೆ ಆನೆ ಬರುವ ಕಥೆ. ಪುಟ ತಿರುಗಿಸಿದರೆ ಎದುರಿಗೆ ಆನೆ. ಧಡ್ ಇಲ್ಲ, ಧುಡುಂ ಇಲ್ಲ, ಚಿತ್ರದಲ್ಲಿ ಒಂದಕ್ಷರವೂ ಇಲ್ಲ. ಚಿಕ್ಕಪ್ಪ ಬರೆದರು: "ಇಷ್ಟು ದೊಡ್ಡ ಪ್ರಾಣಿ ಸದ್ದಿಲ್ಲದೆ ಬರುವುದುಂಟೆ? ಇವರು ಆನೆಯನ್ನೇ ನೋಡಿಲ್ಲ."

ಮೇಡಂ ಜಗಳವಾಡಲಿಲ್ಲ. "ಸರಿ ಸಾ, ಇನ್ಮೇಲೆ ಚಿತ್ರ ಬರೆಯಲ್ಲ" ಎಂದು ಫೋನ್ ಇಟ್ಟುಬಿಟ್ಟರು.

ಚಿಕ್ಕಪ್ಪನಿಗೆ ಊಟ ಸೇರಲಿಲ್ಲ. "ತಿದ್ಕಳ್ಲಿ ಅಂತ ಬರ್ದೆ ಕಣ್ಲಾ, ನಿಲ್ಸ್ಲಿ ಅಂತಲ್ಲ. ನಡಿ, ಓಗಿ ಎದುರ್ಗೇ ಮಾತಾಡವ."

ಇಳಿಮಧ್ಯಾಹ್ನ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ಹನೂರು ದಾಟಿ ಬಹಳ ದೂರದವರೆಗೂ, ಕಾಮಿಕ್ಸಿನಲ್ಲಿ ಸದ್ದನ್ನು ಎಷ್ಟು ದಪ್ಪ ಅಕ್ಷರದಲ್ಲಿ ಬರೆಯಬೇಕೆಂಬ ಉಪನ್ಯಾಸ. ಕಾಡಂಚಿನ ತಿರುವಿನಲ್ಲಿ ಸ್ಕೂಟರ್ ಕೆಮ್ಮಿ ನಿಂತಿತು. ಅವರು ಬಗ್ಗಿ ಪ್ಲಗ್ ನೋಡುತ್ತಿದ್ದರು, ನಾನು ಮೊಬೈಲ್ ನೋಡುತ್ತಿದ್ದೆ. ಏಕೋ ನೆರಳಾದಂತಾಗಿ ತಲೆ ಎತ್ತಿದೆ.

ಆನೆ.

ಯಾವಾಗ ಬಂತು, ಎಲ್ಲಿಂದ ಬಂತು? ಒಂದು ಕಡ್ಡಿ ಮುರಿದ ಸದ್ದೂ ಇಲ್ಲ. ಬಿ.ಎಸ್ಸಿ. ಓದಿದ ನಾನು ಓಡಬೇಕೆಂದು ತೀರ್ಮಾನಿಸಿದೆ, ಕಾಲುಗಳು ಒಪ್ಪಲಿಲ್ಲ. ಅದರ ಉಸಿರಿನಲ್ಲಿ ಅಗಿದ ಸೊಪ್ಪಿನ ವಾಸನೆಯಿತ್ತು. ಈಗಲೂ ಮನೆಯಲ್ಲಿ ಸೊಪ್ಪು ಸೋಸುತ್ತಿದ್ದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಚಿಕ್ಕಪ್ಪ ಸ್ಪ್ಯಾನರ್ ಹಿಡಿದೇ ಪಿಸುಗುಟ್ಟಿದರು. "ಸದ್ದೇ ಬರ್ನಿಲ್ಲ ಕಣ್ಲಾ."

"ಸುಮ್ಕಿರಿ ಚಿಕ್ಕಪ್ಪ."

"ಅಲ್ಲ ಕಣ್ಲಾ, ಆ ಮೇಡಂ ಬರ್ದಿರೋದೇ ಸರಿ."

ಇಂಥ ಹೊತ್ತಿನಲ್ಲಿ ಜನ ಮಾದಪ್ಪನನ್ನು ನೆನೆಯುತ್ತಾರೆ. ಇವರು ವಿಮರ್ಶೆಗೆ ತಿದ್ದುಪಡಿ ಹಾಕುತ್ತಿದ್ದರು. ಆನೆ ಸ್ಕೂಟರನ್ನು ಒಮ್ಮೆ ಸೊಂಡಿಲಿನಿಂದ ನೂಕಿ ಕೆಡವಿ, ನಮ್ಮಿಬ್ಬರ ಬಗ್ಗೆ ಯಾವ ಅಭಿಪ್ರಾಯವನ್ನೂ ಕೊಡದೆ, ಬಂದಷ್ಟೇ ಸದ್ದಿಲ್ಲದೆ ರಸ್ತೆ ದಾಟಿ ಹೋಯಿತು.

ಹಿಂದೆ ಬಂದ ಬಸ್ಸು ಹತ್ತಿ ರಾಮಾಪುರ ಸೇರಿದೆವು. ಮೇಡಂ ಮನೆಯಲ್ಲಿ ಕೂತ ಕೂಡಲೇ ಚಿಕ್ಕಪ್ಪ, "ನಾ ಬರ್ದದ್ದು ತಪ್ಪು ಕಣವ್ವ. ಆನೆ ಸದ್ದಿಲ್ದೇನೆ ಬತ್ತದೆ" ಎಂದರು.

ಮೇಡಂ ನೀರಿನ ಲೋಟ ಕೊಟ್ಟು ನಿಧಾನವಾಗಿ ಹೇಳಿದರು. "ನಮ್ಮಪ್ಪನ್ಗೂ ಕೇಳುಸ್ನಿಲ್ಲ ಸಾ. ಹೊಲ್ದಲ್ಲೇ ತೀರ್ಕಂಡ್ರು."

ಚಿಕ್ಕಪ್ಪನ ಕೈಯಲ್ಲಿದ್ದ ಲೋಟ ನಡುಗಿ ನೀರು ಪಂಚೆಯ ಮೇಲೆ ಚೆಲ್ಲಿತು. ಲೋಟ ಕೆಳಗಿಡಲು ಹೋದರು.

"ಬೇಡಿ ಸಾ, ಹಂಗೇ ಇಟ್ಕಳಿ," ಎಂದರು ಮೇಡಂ. "ತಡೀಬೇಡಿ. ನಡುಗ್ಲಿ."

ಮೇಜಿನಿಂದ ಒಂದು ಹಾಳೆ, ಪೆನ್ಸಿಲ್ ತೆಗೆದುಕೊಂಡು ಎದುರಿಗೆ ಕೂತು ಆ ಕೈಯನ್ನು ಬರೆಯತೊಡಗಿದರು. ಚಿಕ್ಕಪ್ಪ ಉಸಿರು ಬಿಗಿಹಿಡಿದು ಕೂತರು. ಆದರೂ ಎಷ್ಟು ಹೊತ್ತು ತಡೆದುಕೊಂಡಾರು? ಕತ್ತು ಚಾಚಿ ನೋಡಿ, ಮೆಲ್ಲಗೆ ಅಂದರು.

"ಕಿರುಬೆರಳು ಒಸಿ ಉದ್ದ ಆಯ್ತು ಕಣವ್ವ."

ಪೆನ್ಸಿಲ್ ನಿಲ್ಲಲಿಲ್ಲ.

"ಅದ್ನೂ ವಿಮರ್ಶೇಲಿ ಬರೀರಿ ಸಾ," ಎಂದರು ಮೇಡಂ. "ಓದ್ತೀನಿ."