ಸೋತ ದಿನದ ಪುಡಿ ಐಸ್

ಶಿವಾಜಿನಗರದ ಮೀನಿಗೂ ಕೆನಡಾ ದೇಶದ ಒಂದು ಐಸ್ ಹಾಕಿ ತಂಡಕ್ಕೂ ನೇರ ಸಂಬಂಧವಿತ್ತು ಎಂದರೆ ನೀವು ನಂಬುವುದಿಲ್ಲ. ಆ ಸಂಬಂಧ ನನ್ನ ಸ್ವಂತ ಸೋದರಮಾವನೇ ಆಗಿರದಿದ್ದರೆ ನಾನೂ ನಂಬುತ್ತಿರಲಿಲ್ಲ!

ಮಾವ ಶಿವಾಜಿನಗರದ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ದೊಡ್ಡ ದೊಡ್ಡ ಐಸ್ ಗಡ್ಡೆಗಳನ್ನು ಕೊಕ್ಕೆ ಹಾಕಿ ಎಳೆಯುವುದು, ಸುತ್ತಿಗೆಯಿಂದ ಒಡೆಯುವುದು, ಗೋಣಿಚೀಲಕ್ಕೆ ತುಂಬಿ ಮೀನಿನವರಿಗೆ ಕಳಿಸುವುದು, ಇದೇ ಅವರ ಬದುಕು. ತೊಂಬತ್ತರ ದಶಕದ ಕೊನೆಗೆ ಹಲಸೂರಿನ ಅವರ ವಠಾರಕ್ಕೆ ಕೇಬಲ್ ಬಂತು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಚಾನೆಲ್ ತಿರುಗಿಸುತ್ತಿದ್ದವರು ಐಸ್ ಹಾಕಿ ಆಟ ಕಂಡು ಬೆಚ್ಚಿಬಿದ್ದು ಅತ್ತೆಯನ್ನು ಕೂಗಿದರು.

"ಲೇ, ಬಾರೇ ಇಲ್ಲಿ! ನಾವು ಕಾಲು ಜಾರ್ಬಾರ್ದು ಅಂತ ಗೋಣಿ ಹಾಸ್ಕೊಂಡು ಓಡಾಡ್ತೀವಿ. ಇವ್ರು ಜಾರೋದನ್ನೇ ಕೆಲ್ಸ ಮಾಡ್ಕೊಂಡವ್ರೆ!"

ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು, ಬಹಳ ಹೊತ್ತು ನೋಡಿ, "ಅಷ್ಟೊಂದು ಐಸ್ ಇದೆ, ಒಂದು ಮೀನೂ ಕಾಣಲ್ವಲ್ರೀ" ಎಂದರು.

ಅಷ್ಟೊಂದು ತಂಡಗಳಲ್ಲಿ ಮಾವ ಆರಿಸಿಕೊಂಡದ್ದು ಯಾವುದನ್ನು ಅಂತೀರಿ? ಎಲ್ಲರಿಗಿಂತ ಕೆಳಗಿದ್ದ ತಂಡವನ್ನು! ಅದರ ಗೋಲ್‌ಕೀಪರ್ ಗೋಲು ಬಿಟ್ಟುಕೊಟ್ಟ ಮೇಲೂ ತನ್ನ ಮುಂದೆ ಬಿದ್ದ ಐಸ್ ಪುಡಿಯನ್ನು ದೊಣ್ಣೆಯಿಂದ ಒಪ್ಪವಾಗಿ ಗುಡಿಸುತ್ತಿದ್ದ. "ಸೋತ್ರೂ ಜಾಗ ಕ್ಲೀನಾಗ್ ಇಟ್ಕೊಂಡವ್ನೆ ನೋಡು. ಒಳ್ಳೆ ಮನೆತನದ ಹುಡುಗ" ಎಂದು ಮಾವ ಸರ್ಟಿಫಿಕೇಟ್ ಕೊಟ್ಟುಬಿಟ್ಟರು. ಅವತ್ತಿನಿಂದ ಆ ತಂಡ "ನಮ್ಮೋರು".

ಕಾಮೆಂಟರಿ ಇಂಗ್ಲಿಷಿನಲ್ಲಿ, ಆಟದ ನಿಯಮ ಹೇಳಿಕೊಡುವವರು ಊರಿನಲ್ಲೇ ಇಲ್ಲ. ಆಟದ ನಡುವೆ ಕೆಲವರನ್ನು ಪಕ್ಕದ ಗಾಜಿನ ಡಬ್ಬದಲ್ಲಿ ಸ್ವಲ್ಪ ಹೊತ್ತು ಕೂರಿಸುತ್ತಾರಲ್ಲ, ಅದು ಸುಸ್ತಾದವರಿಗೆ ಕೊಡುವ ವಿಶ್ರಾಂತಿ ಎಂದು ಮಾವ ತೀರ್ಮಾನಿಸಿದ್ದರು. ನಾನು ತಡೆಯಲಾರದೆ, "ಮಾವ, ಅದು ಶಿಕ್ಷೆ. ತಪ್ಪು ಮಾಡಿದೋರನ್ನ ಆಚೆ ಕೂರಿಸೋದು" ಎಂದೆ.

"ಹೋಗೇ! ತಪ್ಪು ಮಾಡ್ದೋನಿಗೆ ಯಾರಾದ್ರೂ ಕೂರೋಕೆ ಜಾಗ ಕೊಡ್ತಾರಾ? ನಮ್ ಫ್ಯಾಕ್ಟರೀಲಿ ಬಂದು ನೋಡು, ನಿಲ್ಲಿಸ್ತಾರೆ!"

ವಾದ ಮುಗಿಯಿತು. ಅತ್ತೆ ಬೆನ್ನು ನೋವು ಎಂದರೆ ಸಾಕು, ಮಾವ ಕುರ್ಚಿ ಎಳೆದು, "ಬಾ, ಡಬ್ಬದಲ್ಲಿ ಕೂತ್ಕೋ" ಎಂದು ತಾವೇ ಪಾತ್ರೆ ತೊಳೆಯಲು ಹೋಗುತ್ತಿದ್ದರು. ತಪ್ಪು ತಿಳಿವಳಿಕೆಯಿಂದ ಸಂಸಾರಕ್ಕೆ ಇಷ್ಟು ಉಪಕಾರವಾಗುವುದಾದರೆ ತಿದ್ದಲು ನಾನ್ಯಾರು?

ಇನ್ನು ಮೀನಿನ ವಿಷಯ. ಬೆಳಿಗ್ಗೆ ಮ್ಯಾಚ್ ನೋಡಿಕೊಂಡೇ ಮಾವ ಕೆಲಸಕ್ಕೆ ಹೋಗುತ್ತಿದ್ದದ್ದು. ತಂಡ ಸೋತರೆ ಸಿಟ್ಟೆಲ್ಲ ಸುತ್ತಿಗೆಗೆ ಇಳಿದು, ಅಂಗಡಿಗಳಿಗೆ ಹೋಗುವುದು ಬರೀ ಪುಡಿ ಐಸ್, ಮಧ್ಯಾಹ್ನದೊಳಗೆ ಕರಗಿ ನೀರಾಗುವಂಥದ್ದು. ಗೆದ್ದರೆ ಒಳ್ಳೆ ಗಟ್ಟಿ ಗಟ್ಟಿ ತುಂಡು. ಮಾರ್ಕೆಟ್ಟಿನ ಮೀನಂಗಡಿಯ ಭಾಯ್ ಕೆನಡಾವನ್ನು ಭೂಪಟದಲ್ಲಿ ಕೂಡ ನೋಡಿದವರಲ್ಲ, ಆದರೆ ಗೋಣಿಚೀಲ ಬಿಚ್ಚಿದ ಕೂಡಲೇ ಫಲಿತಾಂಶ ಹೇಳುತ್ತಿದ್ದರು. "ಹಾರ್ ಗಯೇ! ನೋಡಮ್ಮಾ, ನಿಮ್ ಮಾಮೂದು ಟೀಮು ಸೋತ್ರೆ ನನ್ ಬಂಗಡೆ ಯಾಕಮ್ಮಾ ಸಾಯ್ಬೇಕು?" ಎಂದು ನನ್ನ ಬಳಿ ಗೋಳಾಡುತ್ತಿದ್ದರು. ಬಂಗಡೆ ಅದಾಗಲೇ ಸತ್ತಿತ್ತು ಎಂದು ನಾನು ನೆನಪಿಸಲಿಲ್ಲ.

ಮರುವರ್ಷದ ಸೀಸನ್ ನಡುವೆ ಅತ್ತೆಯ ಕಿಡ್ನಿ ಎರಡೂ ಕೈಕೊಟ್ಟವು. ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಮಾವನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ನಿರೀಕ್ಷಿಸಬೇಡಿ ಎಂದರು. ಒಳಗೆ ಬಂದ ಮಾವನ ಮುಖ ನೋಡಿಯೇ ಅತ್ತೆಗೆ ತಿಳಿಯಿತು.

"ಹೆದರ್ಬೇಡ್ರೀ. ನಿಮ್ ದರಿದ್ರ ಟೀಮಿನ ಸೀಸನ್ ಮುಗಿಯೋವರ್ಗೂ ನಾನೆಲ್ಲೂ ಹೋಗಲ್ಲ" ಎಂದರು ಅತ್ತೆ.

ತಮಾಷೆಗೆ ಹೇಳಿದ ಮಾತು. ಮಾವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ದಿನಾ ಸಂಜೆ ಆಸ್ಪತ್ರೆಗೆ ಬಂದು ಬೆಳಗಿನ ಆಟವನ್ನು ವರದಿ ಮಾಡುವರು. ಮೊದಮೊದಲು ಬರೀ ಸೋಲು. ಅತ್ತೆ ನಗುತ್ತಿದ್ದರು. ಯುಗಾದಿ ಕಳೆಯುತ್ತಿದ್ದಂತೆ ಪವಾಡ! ತಂಡ ಗೆಲ್ಲತೊಡಗಿತು. ಒಂದಾದ ಮೇಲೊಂದು ಗೆಲುವು. ಅತ್ತೆ ದಿಂಬಿಗೊರಗಿ ಕೂತು, "ಆ ಗುಡಿಸೋ ಹುಡುಗ ಹೇಗಾಡ್ದ?" ಎಂದು ಕೇಳುವಷ್ಟು ಚೇತರಿಸಿಕೊಂಡರು. ನನಗಂತೂ ಹಿಡಿಸಲಾರದ ಸಂತೋಷ.

ಆ ಸಂತೋಷದಲ್ಲೇ ಒಂದು ಭಾನುವಾರ ಮೀನು ತರಲು ಹೋದೆ. "ಭಾಯ್, ಈಗ ನಿಮಗೂ ಒಳ್ಳೆ ಕಾಲ. ಮಾವನ ಟೀಮು ದಿನಾ ಗೆಲ್ತಿದೆ!" ಎಂದೆ.

ಭಾಯ್ ನನ್ನನ್ನು ವಿಚಿತ್ರವಾಗಿ ನೋಡಿದರು. "ಎಲ್ಲಿ ಗೆಲ್ತಿದೆಯಮ್ಮಾ? ಯುಗಾದಿ ಆದ್ಮೇಲೂ ನನಗೆ ಬರೀ ಪುಡೀನೇ ಬರ್ತಾ ಇದೆ."

ಅಂದು ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಮಾವನನ್ನು ಹಿಡಿದೆ. ಭಾಯ್ ಹೇಳಿದ್ದನ್ನು ಮುಂದಿಟ್ಟೆ.

"ನಮ್ಮೋರ್ ಆಟ ಯುಗಾದಿ ಆದ್ಮೇಲೆ ಮುಗ್ದೋಯ್ತು ಕಣೇ. ಎಲ್ರೂ ಮನೆಗ್ ಹೋದ್ರು."

"ಮತ್ತೆ ನಿನ್ನೆ ಹೊಡೆದ ಮೂರು ಗೋಲು?"

"ನಾನೇ ಹೊಡ್ದೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮಾವ ನನ್ನ ಕೈ ಹಿಡಿದುಕೊಂಡರು. ವರ್ಷಗಟ್ಟಲೆ ಐಸ್ ಮುಟ್ಟಿ ಮರಗಟ್ಟಿದ ಬೆರಳುಗಳು. "ಅವ್ಳಿಗೆ ಹೇಳ್ಬೇಡ. ಸೀಸನ್ ಮುಗಿಯೋವರ್ಗೂ ಇರ್ತೀನಿ ಅಂದವ್ಳೆ. ನಾನ್ಯಾಕ್ ಮುಗಿಸ್ಲಿ?"

ಹಾಗೆ ಮಾವನ ತಂಡ ಮಾವಿನಹಣ್ಣಿನ ಕಾಲ ಮುಗಿದು ಮಳೆ ಹಿಡಿದರೂ ಆಡುತ್ತಲೇ ಇತ್ತು. ಎದುರಾಳಿಗಳು ಸಾಲದೆ ಬಂದು, ಇಲ್ಲದ ಊರುಗಳಿಂದೆಲ್ಲ ಮಾವ ತಂಡ ಕರೆಸಿದರು. ಅತ್ತೆ ಮಾತ್ರ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರು. ಮೈಯೆಲ್ಲ ಊದಿಕೊಂಡಿತ್ತು. ನೋವಿಗೆ ರಾತ್ರಿಯೆಲ್ಲ ನರಳುತ್ತಿದ್ದರು.

ಒಂದು ಸಂಜೆ ಮಾವ ಎಂದಿನಂತೆ ಆಟ ಶುರುಮಾಡಿದ್ದರು. ಅತ್ತೆ ಕೈಯೆತ್ತಿ ತಡೆದರು.

"ರೀ, ಆ ಹುಡುಗ್ರಿಗೆ ಸುಸ್ತಾಗಿದೆ. ಎಷ್ಟ್ ದಿನ ಅಂತ ಆಡಿಸ್ತೀರಾ? ಇವತ್ತು ಫೈನಲ್ ಮಾಡ್ಬಿಡಿ."

ಮಾವ ನನ್ನ ಕಡೆ ನೋಡಿದರು. ನಾನು ಹೇಳಿರಲಿಲ್ಲ, ದೇವರಾಣೆ ಹೇಳಿರಲಿಲ್ಲ. ಮಾವ ಫೈನಲ್ ಆಡಿಸಿದರು. ಗೋಲ್‌ಕೀಪರ್ ಒಂದೂ ಬಿಡಲಿಲ್ಲ. ಕೊನೇ ಗಳಿಗೆಯಲ್ಲಿ ನಮ್ಮೋರು ಗೋಲು ಹೊಡೆದರು.

"ಗೆದ್ರಾ?"

"ಗೆದ್ರು ಕಣೇ. ಕಪ್ ಎತ್ತಿದ್ರು."

"ಈಗೇನ್ ಮಾಡ್ತಾರೆ?"

"ಈಗ ಡಬ್ಬದಲ್ಲಿ ಕೂರಿಸ್ತಾರೆ. ಎಷ್ಟೊತ್ ಬೇಕಾದ್ರೂ ಕೂತಿರ್ಬೋದು. ಯಾರೂ ಎಬ್ಸಲ್ಲ."

ಅತ್ತೆ ತಲೆಯಾಡಿಸಿ ಕಣ್ಣು ಮುಚ್ಚಿದರು. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

ಕರ್ಮಗಳೆಲ್ಲ ಮುಗಿದು ಮಾವ ಕೆಲಸಕ್ಕೆ ಮರಳಿದ ದಿನ ಜೊತೆಗೆ ನಾನೂ ಹೋಗಿದ್ದೆ. ಸುತ್ತಿಗೆ ಎತ್ತಲು ಅವರಿಗೆ ತ್ರಾಣವಿರಲಿಲ್ಲ. ಮೆಲ್ಲಗೆ ಎರಡೇಟು ಹಾಕಿ, ಗಡ್ಡೆ ಬಿರಿದಷ್ಟಕ್ಕೆ ಚೀಲಕ್ಕೆ ತುಂಬಿ, ಅವತ್ತು ತಾವೇ ಮೀನಂಗಡಿಗೆ ಒಯ್ದರು. ಅತ್ತೆ ಹೋದದ್ದು ತಿಳಿಯದ ಭಾಯ್ ಚೀಲ ಬಿಚ್ಚಿದರು, ತಿಂಗಳುಗಳ ಮೇಲೆ ಮಾವನ ಕೈಯಿಂದ ಗಟ್ಟಿ ಐಸ್ ಕಂಡು ಮುಖ ಅರಳಿತು.

"ಅರೆ ಮಾಮೂ! ಜೀತ್ ಗಯೇ ಕ್ಯಾ?"

"ಗೆದ್ರು ಭಾಯ್" ಎಂದರು ಮಾವ. "ಸೀಸನ್ ಮುಗೀತು."