ಮುಚ್ಚಳದ ಒಳಬದಿಯಲ್ಲಿ ನೆಲೆಸಿರುವ ಹನಿಯವರ ಸನ್ನಿಧಾನಕ್ಕೆ

ಮಾನ್ಯ ಹನಿಯವರೇ,

ಪ್ಲಾಸ್ಟಿಕ್ ಮುಚ್ಚಳಕ್ಕೆ ಹೊರಗಿನಿಂದ ಮೂಗು ಒತ್ತಿಕೊಂಡು ತಮ್ಮ ದರ್ಶನ ಪಡೆಯುತ್ತಿರುವ ಬಡಪಾಯಿಯ ಸವಿನಯ ವಂದನೆಗಳು. ತಾವು ಒಳಗೆ ಕ್ಷೇಮವಾಗಿದ್ದೀರೆಂಬುದು ಕಣ್ಣಿಗೆ ಕಾಣುತ್ತಲೇ ಇದೆ; ನನ್ನ ದೂರೂ ಅದೇ.

ಪತ್ರ ಬಹಿರಂಗವಾದದ್ದರಿಂದ ತಮ್ಮನ್ನು ಅರಿಯದವರಿಗಾಗಿ ಎರಡು ಮಾತು. ನನ್ನ ಹೆಂಡತಿಯ ಬಳಿ ರಿಮೋಟಿನಿಂದ ಓಡುವ, ಕೊಬ್ಬಿದ ಬೆಕ್ಕಿನ ಗಾತ್ರದ ಟ್ರಕ್ಕೊಂದಿದೆ. ವಾರವೆಲ್ಲ ಊರಿನವರ ಹಲ್ಲಿಗೆ ಕೈಹಾಕುವ ಆಕೆ, ಭಾನುವಾರ ಮೈದಾನದ ಹಿಂದಿನ ಕಾಲುವೆಯ ಕಲ್ಲುಗಳ ಮೇಲೆ ಅದನ್ನು ಹತ್ತಿಸಿ ಇಳಿಸಿ ದಣಿವಾರಿಸಿಕೊಳ್ಳುತ್ತಾಳೆ. ಟ್ರಕ್ಕಿನ ಹೊಟ್ಟೆಯಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರೊಳಗೆ, ರಿಮೋಟಿನ ಅಪ್ಪಣೆಯನ್ನು ಕೇಳಿಸಿಕೊಂಡು ಚಕ್ರಗಳಿಗೆ ದಾಟಿಸುವ ರಿಸೀವರ್. ಮೋಟಾರಿಗೆ ನೀರು ತಾಗಿದರೆ ಅದು ತುಸು ಗೊಣಗುತ್ತದೆ. ರಿಸೀವರಿಗೆ ತಾಗಿದರೆ ಗೊಣಗುವುದಕ್ಕೂ ಜೀವ ಉಳಿಯುವುದಿಲ್ಲ. ಆ ಪೆಟ್ಟಿಗೆಯ ಪಾರದರ್ಶಕ ಮುಚ್ಚಳದ ಒಳಬದಿಯಲ್ಲಿ, ಯಾರ ಅನುಮತಿಯನ್ನೂ ಕೇಳದೆ ಸಂಸಾರ ಹೂಡಿರುವ ಮಹನೀಯರೇ ತಾವು.

ಕಳೆದ ಸಲ ಕಾಲುವೆ ದಾಟುವ ಪಂದ್ಯದಲ್ಲಿ ಈ ಟ್ರಕ್ಕು ನಡುನೀರಿನಲ್ಲಿ ಕೈಕೊಟ್ಟದ್ದು ತಮ್ಮ ಬಳಗದವರಿಗೆ ಗೊತ್ತಿರಲೇಬೇಕು, ಕೆಲಸ ಅವರದೇ ಅಲ್ಲವೇ? ಆಗ ನನ್ನ ಭಾಮೈದ, ವೃತ್ತಿಯಿಂದ ಫೋಟೋಗ್ರಾಫರ್, ಪ್ರವೃತ್ತಿಯಿಂದ ನನ್ನ ಪಾಲಿನ ಶನಿ, ಪ್ಯಾಂಟು ಮಡಚಿ ನೀರಿಗಿಳಿದು, ಮೊಲವನ್ನು ಎತ್ತಿದಂತೆ ಅದನ್ನು ಎತ್ತಿ ತಂದ. ತರುವುದನ್ನು ಪಕ್ಕದವರಿಂದ ವಿಡಿಯೋ ಕೂಡ ಮಾಡಿಸಿಕೊಂಡ. ಅಂದಿನಿಂದ ನೆಂಟರು ಕೂಡಿದಲ್ಲೆಲ್ಲ ಎಲ್ಲಕ್ಕಿಂತ ಮೊದಲು ಆ ವಿಡಿಯೋವನ್ನೇ ಬಡಿಸಲಾಗುತ್ತಿದೆ, “ಭಾವ, ಟ್ರಕ್ಕಿಗೆ ಈಜು ಕಲಿಸಿದ್ರಾ? ಇಲ್ಲಾ ಈ ಸಲಾನೂ ನಾನೇ ಪ್ಯಾಂಟ್ ಮಡಚ್ಕೊಂಡು ರೆಡಿ ಇರ್ಲಾ?” ಎಂಬ ಒಗ್ಗರಣೆಯೊಂದಿಗೆ. ಹೆಂಡತಿಯಾದರೋ ಹೆಚ್ಚು ಮಾತಾಡುವವಳಲ್ಲ. “ರೀ, ಇನ್ನೊಂದ್ಸಲ ನೀರಲ್ಲಿ ನಿಂತ್ರೆ ಸ್ಕ್ರೂಡ್ರೈವರ್ ತಮ್ಮನ ಕೈಗೆ. ನೀವು ದಡದಲ್ಲಿ ಕೂತು ಚಪ್ಪಾಳೆ ತಟ್ಟಿ, ಸಾಕು” ಎಂದಷ್ಟೇ ಹೇಳಿದಳು. ಈ ಮನೆಯಲ್ಲಿ ನನ್ನ ಆಡಳಿತ ನಡೆಯುವುದು ಹಿಂದಿನ ಕೋಣೆಯ ರಿಪೇರಿ ಮೇಜಿನ ಮೇಲೆ ಮಾತ್ರ. ಆ ಮೇಜಿನ ಮೇಲೆ ಭಾಮೈದನ ಕಾಫಿ ಲೋಟ ಬಂದು ಕೂರುವ ದೃಶ್ಯವನ್ನು ತಾವೇ ಒಮ್ಮೆ ಕಲ್ಪಿಸಿಕೊಳ್ಳಿ.

ಆದ್ದರಿಂದ ಈ ಬಾರಿ ನಾನು ಸೊಂಟ ಕಟ್ಟಿ ನಿಂತೆ. ಹೆಂಡತಿಯ ಬಣ್ಣವಿಲ್ಲದ ನೇಲ್ ಪಾಲಿಶನ್ನು, ಆಕೆಯ ಬೆರಳುಗಳಿಗೂ ಸಿಗದ ಉದಾರತೆಯಿಂದ, ರಿಸೀವರಿನ ಮೈತುಂಬ ಬಳಿದೆ. ಪ್ಲಗ್ಗಿನ ಪಿನ್ನುಗಳನ್ನು ಮಾತ್ರ ಬಿಟ್ಟೆ, ಅವುಗಳಿಗೆ ಬಳಿದರೆ ಕರೆಂಟೇ ಹರಿಯುವುದಿಲ್ಲವಾದ್ದರಿಂದ. ವೈರುಗಳು ಹೊರಬರುವ ಕಿಂಡಿಗೆ ಗ್ರೀಸು ಮೆತ್ತಿದೆ. ಪೆಟ್ಟಿಗೆಯ ಜೊತೆಗೆ ಬಂದಿದ್ದ ರಬ್ಬರ್ ರಿಂಗನ್ನು ಇದೆಲ್ಲ ಮಕ್ಕಳಾಟವೆಂದು ಬದಿಗೆಸೆದು, ಮುಚ್ಚಳದ ಸುತ್ತ ಸಿಲಿಕೋನ್ ಪೇಸ್ಟನ್ನು ಸ್ಕ್ರೂಗಳ ತಲೆಯೂ ಕಾಣದಂತೆ ಸುರಿದೆ. ಒಳಗೆಲ್ಲ ನೀರಸವಾಗಿರಲಿ ಎಂದು ಬಾಳಿನಲ್ಲಿ ಮೊದಲ ಸಲ ಹಾರೈಸಿದೆ. ಪೇಸ್ಟು ಒಣಗಿದ ಮೇಲೆ ಬಕೆಟ್ಟಿನಲ್ಲಿ ಮುಳುಗಿಸಿದರೆ ಒಂದೇ ಒಂದು ಗುಳ್ಳೆಯೂ ಏಳಲಿಲ್ಲ. ಆ ಗುಳ್ಳೆಯಿಲ್ಲದ ನೀರಿನ ಫೋಟೋ ತೆಗೆದು ಭಾಮೈದನಿಗೆ ಕಳಿಸಿದೆ. ಹೀಗೆ ವಿಜಯೋತ್ಸವದಲ್ಲಿರುವಾಗಲೇ ತಾವು ಮುಚ್ಚಳದ ಒಳಗಿನಿಂದ ನನ್ನತ್ತ ನೋಡಿ ಮಿನುಗಿದಿರಿ. ಹೊರಗಿನ ಒಂದು ಬಕೆಟ್ ನೀರಿಗೆ ಆಗದ ಕೆಲಸವನ್ನು ಒಳಗಿನ ಒಂದು ಹನಿ ಮಾಡಿತು: ನನ್ನ ನೀರಿಳಿಸಿತು.

ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಬಿಸಿಲು ಬಿದ್ದು ಪೆಟ್ಟಿಗೆ ಕಾದಾಗ ತಾವು ಮಾಯವಾಗುತ್ತೀರಿ. ನಾನು ಹಿಗ್ಗಿ ಹೆಂಡತಿಯನ್ನು ಕೂಗುತ್ತೇನೆ. ಆಕೆ ಬಂದು ಪೆಟ್ಟಿಗೆಯನ್ನು ನಲ್ಲಿಯ ತಣ್ಣೀರಿಗೆ ಹಿಡಿದೊಡನೆ, ನೆಂಟರೆದುರು ಹಾಡಲು ಹೇಳಿದ ಮಗುವಿಗೆ ತದ್ವಿರುದ್ಧವಾಗಿ, ಕರೆದ ಕೂಡಲೇ ಪ್ರತ್ಯಕ್ಷರಾಗುತ್ತೀರಿ. ಅದೂ ಎಲ್ಲಿ? ನೇಲ್ ಪಾಲಿಶಿಲ್ಲದ ಆ ಪಿನ್ನುಗಳ ನೆತ್ತಿಯ ಮೇಲೆ! ಕಾಲುವೆಯ ನೀರು ತಣ್ಣಗಿದೆ, ತಳದಲ್ಲಿ ಕಲ್ಲುಗಳಿವೆ. ಟ್ರಕ್ಕು ಒಮ್ಮೆ ಕುಲುಕಿದರೆ ತಾವು ಜಾರಿ ಬೀಳುವುದು ನೇರವಾಗಿ ನನ್ನ ಮಾನದ ಮೇಲೆ.

ತಾವು ಒಳಗೆ ಬಂದದ್ದಾದರೂ ಹೇಗೆ ಎಂಬುದನ್ನು ಹಲ್ಲಿನ ಡಾಕ್ಟರಮ್ಮನವರು ಒಂದೇ ಪ್ರಶ್ನೆಯಲ್ಲಿ ಬಗೆಹರಿಸಿದರು. “ಮುಚ್ಚಳ ಎಲ್ಲಿ ಕೂತು ಅಂಟಿಸಿದ್ರಿ?” ಬಚ್ಚಲುಮನೆಯಲ್ಲಿ, ಎಂದೆ, ಬಕೆಟ್ಟು ಇರುವುದು ಅಲ್ಲಿ ತಾನೇ? “ಸ್ನಾನ ಆದ್ಮೇಲಾ?” ಹೌದು, ಕುದಿಯುವ ನೀರಿನ ಸ್ನಾನ, ಕನ್ನಡಿಯಲ್ಲಿ ನನ್ನ ಮುಖವೇ ನನಗೆ ಕಾಣದಷ್ಟು ಹಬೆ. ಆಕೆ ಹಣೆ ಚಚ್ಚಿಕೊಂಡಳು. “ಅಲ್ರೀ, ನಾನು ದಿನಾ ಮಾಡೋದೇನು? ತೂತನ್ನ ಮೊದಲು ಒಣಗಿಸ್ಬೇಕು, ಆಮೇಲೆ ತುಂಬ್ಬೇಕು. ನೀವು ಹಬೇನೂ ಸೇರಿಸಿ ಸೀಲ್ ಮಾಡಿದೀರಲ್ಲ!” ಹೀಗೆ ನನ್ನ ಆವಿಷ್ಕಾರದಲ್ಲಿ ಆವಿಯೇ ಮುಕ್ಕಾಲು ಪಾಲು ಎಂದು ಸಾಬೀತಾಯಿತು. ಹೊರಗಿನ ನೀರು ಒಳಗೆ ಬರಬಾರದೆಂದು ನಾನು ಕಟ್ಟಿದ ಕೋಟೆಯಿಂದ ಒಳಗಿನ ನೀರು ಹೊರಗೆ ಹೋಗುವಂತಿಲ್ಲ. ನನ್ನ ಸ್ನಾನದ ನೀರೇ ಆದ ತಾವು ಒಂದರ್ಥದಲ್ಲಿ ನಮ್ಮ ಮನೆಯವರೇ. ಮನೆಯವರೇ ಹೀಗೆ ಮಾಡಿದರೆ ಯಾರಲ್ಲಿ ಹೇಳಿಕೊಳ್ಳಲಿ?

ಪೆಟ್ಟಿಗೆ ಬಿಚ್ಚಿ ಎನ್ನುತ್ತಾಳೆ ಹೆಂಡತಿ. ಬಿಚ್ಚಿ ಮತ್ತೆ ಪೇಸ್ಟು ಹಚ್ಚಿದರೆ ಅದು ಒಣಗಲು ಪೂರಾ ಒಂದು ದಿನ ಬೇಕು. ಪಂದ್ಯ ನಾಳೆ ಬೆಳಿಗ್ಗೆ. ಆದ್ದರಿಂದ ತಮ್ಮ ಆರ್ದ್ರ ಹೃದಯವನ್ನು ನಂಬಿ ಬೇಡುತ್ತಿದ್ದೇನೆ. ದಯಮಾಡಿ ಪ್ಲಾಸ್ಟಿಕ್ಕಿನ ಮೂಲಕ ನಡೆದು ಹೊರಗೆ ಬನ್ನಿ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಟ್ರಕ್ಕು ಆಚೆ ದಡ ಮುಟ್ಟುವವರೆಗೆ ಉಸಿರು ಬಿಗಿಹಿಡಿದು ಆವಿಯಾಗಿಯೇ ಇರಿ. ಎರಡೂ ಆಗದಿದ್ದರೆ, ಬೀಳುವಾಗ ಕೊಂಚ ಎಡಕ್ಕೆ ಬೀಳಿ. ಅಲ್ಲಿ ತಮಗಾಗಿ ನೇಲ್ ಪಾಲಿಶಿನ ನುಣ್ಣನೆಯ ಹಾಸಿಗೆ ಹಾಸಿದ್ದೇನೆ.

ಒಳಗೆ ಬರಲಾರದೆ, ಹೊರಗೆ ಇರಲಾರದೆ,
ತಮ್ಮ ವಿಶ್ವಾಸಿ,
ಮೇಜಿನ (ನಾಳೆಯವರೆಗಿನ) ಯಜಮಾನ

ತಾ.ಕ.: ಪತ್ರ ಮುಗಿಸಿ ತಲೆಯೆತ್ತುವಷ್ಟರಲ್ಲಿ ಹೆಂಡತಿ, ರೋಗಿಗಳ ಹಲ್ಲಿನ ಪಾಚಿ ಕೆರೆಯುವ ಸಲಾಕೆಯಿಂದ ನನ್ನ ಸಿಲಿಕೋನ್ ಕೋಟೆಯನ್ನು ಕೆರೆದು ತೆಗೆದು, ಹತ್ತಿಯ ಉಂಡೆಯಿಂದ ತಮ್ಮನ್ನು ಒರೆಸಿ, ನಾನು ಎಸೆದಿದ್ದ ರಬ್ಬರ್ ರಿಂಗನ್ನೇ ಹುಡುಕಿ ಕೂರಿಸಿ, ಸ್ಕ್ರೂ ಬಿಗಿದಿದ್ದಳು. ಭಾನುವಾರ ಟ್ರಕ್ಕು ಕಾಲುವೆಯನ್ನು ದಾಟಿತು. ಪ್ಯಾಂಟು ಮಡಚಿ ನಿಂತಿದ್ದ ಭಾಮೈದ ಆ ಮಡಿಕೆ ಬಿಚ್ಚಿ ಇಳಿಬಿಟ್ಟುಕೊಳ್ಳುವುದನ್ನು ಈ ಸಲ ನಾನು ವಿಡಿಯೋ ಮಾಡಿದೆ. ಆತ ಒಣಗಿದ ಪೆಟ್ಟಿಗೆಯೊಳಗೆ ಇಣುಕಿ, “ಸೋತೆ ಭಾವ. ನಾನೂ ಒಂದು ಟ್ರಕ್ ತಗೊಂಡಿದೀನಿ, ಅದಕ್ಕೂ ಹಿಂಗೇ ಮಾಡ್ಕೊಡಿ” ಎಂದ. ಹೆಂಡತಿ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟಳು. ಆತನ ಟ್ರಕ್ಕು ಈಗ ನಮ್ಮ ಬಚ್ಚಲುಮನೆಯಲ್ಲಿದೆ. ತಮ್ಮ ಬಳಗದಿಂದ ಚುರುಕಾದ ಒಬ್ಬರನ್ನು ಕೂಡಲೇ ಕಳಿಸಿಕೊಡಬೇಕಾಗಿ ವಿನಂತಿ, ಗೀಸರ್ ಹಾಕಿಯಾಗಿದೆ.