ಕಮಲಾಪುರದವರು ನನ್ನನ್ನು ಬಯ್ಯಲಿಲ್ಲ

ಬೇರೆ ಊರಿನ ಆಟಗಾರ ಕ್ರಿಕೆಟ್ ಆಡಲು ಬಂದರೆ ಅವನನ್ನು ಬಯ್ಯಬೇಕು. ಕಾರಣ ಕೇಳಬೇಡಿ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅಲ್ಲಿ ಕಲಿತದ್ದೆಲ್ಲ ಮರೆತಿದ್ದೇನೆ, ಗೆರೆಯ ಹೊರಗೆ ನಿಂತು ಕೂಗುವುದನ್ನು ಮಾತ್ರ ಮರೆತಿಲ್ಲ. ಕಲಬುರಗಿಯ ನಮ್ಮ ಗಾಜಿಪುರ ಟೀಮಿನಲ್ಲಿ ನನ್ನ ಕೆಲಸ ಅದೊಂದೇ. "ಏ ಉದ್ದಾ, ಬಾಲ್ ಒಗ್ಯಾಕತ್ತೀಯೋ, ಹೊಲದಾಗ ಹಕ್ಕಿ ಹೊಡ್ಯಾಕತ್ತೀಯೋ?" ಎಂದು ಒಮ್ಮೆ ಕೂಗಿದರೆ ಎಂಥ ಬೌಲರನೂ ವೈಡ್ ಹಾಕುತ್ತಾನೆ.

ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಬಂದ ಟೀಮಿಗೆ ಮಧ್ಯಾಹ್ನದ ಊಟ ನಾವೇ ಹಾಕಬೇಕು. ಬೆಳಿಗ್ಗೆ ಬಯ್ದ ಬಾಯಿಂದಲೇ "ತಗೋರಿ ಅಣ್ಣಾ, ಇನ್ನೊಂದ್ ರೊಟ್ಟಿ" ಅನ್ನಬೇಕು. ಇದು ಸುಲಭವಲ್ಲ. ಹೋದ ಸಲ ಶರಣಸಿರಸಗಿಯವರ ಕೀಪರನಿಗೆ ನಾನು ಏನೋ ಸ್ವಲ್ಪ ಹೆಚ್ಚು ಅಂದೆ. ಅವರು ಉಣ್ಣದೆ ಟಂಟಂ ಹತ್ತಿ ಹೋಗಿಬಿಟ್ಟರು. ನಮ್ಮ ಹುಡುಗರು ಹನ್ನೊಂದು ಮಂದಿಯ ಹುಗ್ಗಿಯನ್ನೂ ತಾವೇ ಉಂಡು, ಆಮೇಲೆ ನನ್ನನ್ನು ಬಯ್ದರು.

ಹಾಗಾಗಿ ಕಮಲಾಪುರದವರು ಬಂದ ದಿನ ಕ್ಯಾಪ್ಟನ್ ಶರಣು ನನ್ನ ಕಾಲರ್ ಹಿಡಿದ. "ಲೇ ಕಲ್ಯಾ, ಇವತ್ತ ಬಾಯಿ ತೆಗದಿ ಅಂದ್ರ ನಿನಗ ಟೀಮಿಂದ ತೆಗೀತೀನಿ. ಸುಮ್ನ ಊಟ ಬಡಸು."

ಟೀಮು ಬಿಟ್ಟರೆ ನನಗೆ ಬೇರೆ ದಿಕ್ಕಿಲ್ಲ. ಬಾಯಿ ಮುಚ್ಚಿದೆ. ಅವರು ಬ್ಯಾಟ್ ಮಾಡಿ ಮುಗಿಸುವಷ್ಟರಲ್ಲಿ ಒಳಗೆ ಉಳಿದ ಬೈಗುಳಕ್ಕೆ ಹೊಟ್ಟೆ ಉಬ್ಬಿತ್ತು. ಆಗ ಹೊಳೆಯಿತು: ಅವರ ಫಾಸ್ಟ್ ಬೌಲರ್ ಮಲ್ಲಿನಾಥನಿಗೆ ಓಡಲಾಗದಷ್ಟು ತಿನ್ನಿಸಿಬಿಡೋಣ.

"ಸಾಕ್ರೀ ಅಣ್ಣಾ, ಬೌಲಿಂಗ್ ಅದ" ಎಂದ ಅವನು.

"ಬೌಲಿಂಗ್ ಎಲ್ಲಿ ಓಡಿ ಹೋಗ್ತದ್ರೀ? ನಮ್ಮವ್ವ ನಸುಕಿನ್ಯಾಗ ಎದ್ದು ಹೋಳಿಗಿ ಮಾಡ್ಯಾಳ. ಬಿಟ್ರ ಅಳ್ತಾಳ."

ನಮ್ಮವ್ವ ಯಾರಿಗೂ ಅತ್ತವಳಲ್ಲ. ಆದರೂ ಅವನು ಏಳು ಹೋಳಿಗೆ ತಿಂದ. ಒಂದೊಂದರ ಮೇಲೂ ತುಪ್ಪ.

ಇಪ್ಪತ್ತು ಹೆಜ್ಜೆ ಓಡಿಬರುವವನು ಎರಡೇ ಹೆಜ್ಜೆ ಇಟ್ಟು, ತೇಗಿ, ಬಾಲ್ ಒಗೆದ. ಬಾಲು ಬಂತು, ನಮ್ಮವರು ಬ್ಯಾಟು ಬೀಸಿ ಮುಗಿಸಿದ ಮೇಲೆ ಬಂತು. ಆರು ಮಂದಿ ಹಾಗೇ ಔಟಾಗಿ ಹೋದರು. ಶರಣು ಔಟಾಗಿ ಬಂದವನೇ ಕೇಳಿದ, "ಅವನಿಗಿ ಏನ್ ತಿನ್ಸೀಯೋ?" ಹೇಳಿದೆ. ಅವನು ಬಯ್ಯಲೂ ಇಲ್ಲ. ಮುಖ ತಿರುಗಿಸಿಕೊಂಡು ಹೋದ. ಅದೇ ಹೆದರಿಕೆ ಹುಟ್ಟಿಸಿತು.

ಮಲ್ಲಿನಾಥ ಹೋಗುವಾಗ ಎಲ್ಲರ ಮುಂದೆ ನನ್ನನ್ನು ಅಪ್ಪಿಕೊಂಡ. "ಎಲ್ಲಾ ಊರಾಗೂ ನಮಗ ಬೈತಾರ್ರೀ. ನೀವೊಬ್ರೇ ಮನಿ ಮಂದಿಯಂಗ ಉಣ್ಸೀರಿ. ನಮ್ಮೂರಿಗಿ ಬರ್ರಿ, ನೋಡ್ಕೋತೀವಿ."

ಮುಂದಿನ ವಾರ ಎರಡನೇ ಮ್ಯಾಚು ಕಮಲಾಪುರದಲ್ಲಿ. ನಿಜವಾಗಿಯೂ ನೋಡಿಕೊಂಡರು. ನಮ್ಮ ಹುಡುಗರಿಗೆ ಒಬ್ಬೊಬ್ಬರಿಗೂ ಹೆಸರು ಹಿಡಿದು ಬೈಗುಳ. "ಏ ಕ್ಯಾಪ್ಟನ್ನಾ, ಓಡಬ್ಯಾಡ, ಪ್ಯಾಂಟ್ ಹಿಂದ ಉಳೀತದ!" ಎಷ್ಟು ಚಂದ ಬಯ್ಯುತ್ತಾರೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ನನಗೆ ಮಾತ್ರ ನೆರಳಿನಲ್ಲಿ ಕುರ್ಚಿ, ಕೈಯಲ್ಲಿ ಕೆಂಪು ಬಾಳೆಹಣ್ಣು. ನಮ್ಮವರು ನನ್ನನ್ನು ಕಮಲಾಪುರದವನನ್ನು ನೋಡಿದಂತೆ ನೋಡತೊಡಗಿದರು.

ನಮ್ಮವನೊಬ್ಬನ ಕಾಲು ಉಳುಕಿ, ಕೊನೆಗೆ ಬ್ಯಾಟ್ ಹಿಡಿಯಲು ನನ್ನನ್ನೇ ಕಳಿಸಬೇಕಾಯಿತು. ಖುಷಿಯಾಯಿತು. ಈಗಲಾದರೂ ಈ ಜನ ನನ್ನನ್ನು ಬಯ್ಯಲಿ, ನಮ್ಮ ಹುಡುಗರಿಗೆ ನಾನು ನಮ್ಮವನು ಅನ್ನಿಸಲಿ ಎಂದುಕೊಂಡೆ. ಮೊದಲ ಬಾಲಿಗೇ ಸ್ಟಂಪು ಹಾರಿತು. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಬೇವಿನ ಗಿಡದ ಕೆಳಗಿನಿಂದ ಒಬ್ಬ ಕಾಕಾ ಅಂದ, "ಪಾಪ, ಒಳ್ಳೆ ಹುಡುಗ ಅದಾನ. ಇನ್ನೊಂದ್ ಬಾಲ್ ಒಗೀರ್ಯೋ ಅವನಿಗಿ."

ಅಂಪೈರೂ ಹೂಂ ಎಂದು ತಲೆಯಾಡಿಸಿದ. ಮಲ್ಲಿನಾಥ ಕೂಸಿಗೆ ಕೊಡುವ ಹಾಗೆ ಮೆಲ್ಲಗೆ ಒಗೆದ. ಮತ್ತೆ ಔಟು. ಇಡೀ ಗ್ರೌಂಡು ಚಪ್ಪಾಳೆ ಹೊಡೆಯಿತು.

ಆಗ ಗೆರೆಯ ಹೊರಗಿನಿಂದ ಒಂದೇ ಒಂದು ದನಿ ಕೇಳಿತು: "ಲೇ ಕಲ್ಯಾ, ಕಣ್ಣ ಮನ್ಯಾಗ ಇಟ್ಟ್ ಬಂದೀಯೇನೋ!" ಶರಣು. ಅಬ್ಬಾ, ಜೀವಕ್ಕೆ ಹಾಯೆನಿಸಿತು. ಬೈಗುಳ ಮಾತ್ರ ತೀರಾ ಸಪ್ಪೆ. ಅವನಿಗೆ ಸ್ವಲ್ಪ ಕಲಿಸಿಕೊಡಬೇಕು.